ಅಜ್ಜಿಯನ್ನು ಕೇಳದೆ ಬರೆದ ಸುದ್ದಿ

2024ರ ಮಾರ್ಚ್‌ನಲ್ಲಿ ತಲಘಟ್ಟಪುರದ ನಮ್ಮ ಬಾಡಿಗೆ ಮನೆಯ ಬೋರ್‌ವೆಲ್ ಕೈಕೊಟ್ಟಿತು. ಗ್ರಾಮೀಣ ಪತ್ರಿಕೋದ್ಯಮ ಓದಿ ಬಂದ ನಾವು ಮೂವರೂ ಬಕೆಟ್ ಹಿಡಿದು ಟ್ಯಾಂಕರ್‌ಗೆ ಕಾದೆವು. ರಾತ್ರಿ ಕೂತು ಅದನ್ನೇ ಬರೆದೆವು. ಶೀರ್ಷಿಕೆ: ‘ಹಿಂದೆಂದೂ ಕಾಣದ ನೀರಿನ ಬರ’.

ಮನೆ ಮಾಲೀಕರ ತಾಯಿಗೆ ಓದಿ ಹೇಳಿದಾಗ ಅಜ್ಜಿ ನಕ್ಕುಬಿಟ್ಟರು. “ನೀವು ಕಂಡಿಲ್ಲ ಅನ್ನಿ. ಬಾವಿ ಬತ್ತಿದಾಗ ಕೆರೆಯಂಗಳದಲ್ಲಿ ಒರತೆ ತೋಡಿ ಚೆಂಬಲ್ಲಿ ಮೊಗೆದೋರು ನಾವು. ಆ ವರ್ಷವೇ ಊರೋರೆಲ್ಲ ಸೇರಿ ಹೂಳೆತ್ತಿದ್ವಿ, ಕಾಲುವೆ ಬಿಡಿಸಿದ್ವಿ. ಈಗ ಕೆರೆಗೆ ನೀರು ಯಾವ ಕಡೆಯಿಂದ ಬರುತ್ತೆ, ಹೇಳಿ ನೋಡೋಣ?”

ನಮಗೆ ಗೊತ್ತಿರಲಿಲ್ಲ. ದಿನಾ ಆ ಕೆರೆಯನ್ನು ದಾಟಿಯೇ ಓಡಾಡುತ್ತಿದ್ದೆವು.

ಕಾವೇರಿ ನೀರು 1974ರಿಂದಲೂ ತೊರೆಕಾಡನಹಳ್ಳಿಯಿಂದ ಇದೇ ಕನಕಪುರ ರಸ್ತೆಯ ದಿಕ್ಕಿನಲ್ಲಿ ಬೆಂಗಳೂರಿಗೆ ಏರಿ ಬರುತ್ತಿದೆ. 2024ರ ಅಕ್ಟೋಬರ್‌ನಲ್ಲಿ 5ನೇ ಹಂತ ಉದ್ಘಾಟನೆಯಾಯಿತು. 2007ರಲ್ಲಿ ನಗರಕ್ಕೆ ಸೇರಿದ 110 ಹಳ್ಳಿಗಳಿಗೆಂದು ದಿನಕ್ಕೆ 77.5 ಕೋಟಿ ಲೀಟರ್ ನೀರಿನ ಯೋಜನೆ ಅದು. ಇನ್ನು ಭಯವಿಲ್ಲ ಅಂದುಕೊಂಡೆವು. ಆದರೆ 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾಗಿತ್ತು. ಕಾವೇರಿ ಕಣಿವೆಗೂ ಮಳೆ ಸಾಲದಾಗಿತ್ತು. ಕೊಳವೆ ಎಷ್ಟು ದಪ್ಪವಿದ್ದರೇನು, ಮಳೆ ಬರದಿದ್ದರೆ?

ಬಂದರೂ ಕಷ್ಟವೇ. 2022ರ ಸೆಪ್ಟೆಂಬರ್‌ನಲ್ಲಿ ಹೊರವರ್ತುಲ ರಸ್ತೆಯ ಕಡೆ ಜನ ಟ್ರ್ಯಾಕ್ಟರ್ ಹತ್ತಿ ಕೆಲಸಕ್ಕೆ ಹೋದ ಫೋಟೊಗಳನ್ನು ನಾವೂ ಹಂಚಿಕೊಂಡಿದ್ದೆವು. ಅಲ್ಲಿ ರಾಜಕಾಲುವೆ ಎಲ್ಲಿತ್ತು ಎಂದು ಆಗಲೂ ಯಾರನ್ನೂ ಕೇಳಲಿಲ್ಲ.

ಒಂದು ಭಾನುವಾರ ಅಜ್ಜಿಯನ್ನು ಆಟೊದಲ್ಲಿ ಕೂರಿಸಿಕೊಂಡು ಸುತ್ತಿದೆವು. ಕೋಡಿ ಹರಿಯುತ್ತಿದ್ದ ಜಾಗ, ಮುಚ್ಚಿಹೋದ ಬಾವಿ, ಮಳೆಗಾಲದಲ್ಲಿ ಮೊಣಕಾಲುದ್ದ ನೀರು ನಿಲ್ಲುತ್ತಿದ್ದ ತಗ್ಗು, ಎಲ್ಲವನ್ನೂ ಅವರು ತೋರಿಸಿದರು, ನಾವು ನೋಟ್‌ಬುಕ್ಕಿನಲ್ಲಿ ನಕ್ಷೆ ಬರೆದುಕೊಂಡೆವು. ಆ ತಗ್ಗಿನಲ್ಲಿ ಈಗೊಂದು ಅಪಾರ್ಟ್‌ಮೆಂಟ್, ನೆಲದಡಿಯಲ್ಲಿ ಪಾರ್ಕಿಂಗ್. ನಕ್ಷೆಯ ಪ್ರತಿಯೊಂದನ್ನು ಅಲ್ಲಿನ ವಾಚ್‌ಮನ್ ಕೈಗೆ ಕೊಟ್ಟೆವು. ಮೋಟಾರು ಸಿದ್ಧವಿಡಲು, ಮಳೆ ಜೋರಾದರೆ ವಾಹನ ಮೇಲೆ ತರಲು ಅಷ್ಟಾದರೂ ನೆರವಾದೀತು.

ಅಂದು ರಾತ್ರಿಯೇ ನಮ್ಮ ನಮ್ಮ ಊರುಗಳಿಗೆ ಫೋನ್ ಮಾಡಿದೆವು. ನಮ್ಮಲ್ಲೊಬ್ಬನ ತಾತ ನೀರುಗಂಟಿಯಾಗಿದ್ದವರು. ಯಾವ ತೂಬು ಯಾವಾಗ ಎತ್ತಬೇಕು, ಬರದ ವರ್ಷ ಯಾರ ಗದ್ದೆಗೆ ಎಷ್ಟು ನೀರು ಎಂಬುದೆಲ್ಲ ಅವರಿಗೆ ಬಾಯಿಪಾಠವಿತ್ತಂತೆ.

ಅವರು ತೀರಿಕೊಂಡು ಮೂರು ವರ್ಷವಾಗಿತ್ತು. ಆಗ ನಾವು ಕಾಲೇಜಿನಲ್ಲಿ ಸಂದರ್ಶನ ಮಾಡುವುದು ಹೇಗೆಂದು ಕಲಿಯುತ್ತಿದ್ದೆವು.