ಮಾಲೆಯ ರಾಣಿ, ಕಡಲ ಭೂತ

ಒಂದು ರಾತ್ರಿ ಮಾಲ್ಡೀವ್ಸ್‌ನ ಮಾಲೆ ದ್ವೀಪಕ್ಕೆ ದ್ವೀಪವೇ ಬೀದಿಗಿಳಿದಿತ್ತು. ಗಂಡಸರು ಗಂಟಲು ಹರಿಯುವಂತೆ ಅಲ್ಲಾಹನನ್ನು ಕೂಗುತ್ತಿದ್ದರು. ಮಕ್ಕಳು ಕುರಾನ್ ಪ್ರತಿಗಳನ್ನು ತಲೆಯ ಮೇಲೆ ಹೊತ್ತು ಓಡುತ್ತಿದ್ದರು. ಹೆಂಗಸರು ತಾಮ್ರದ ತಟ್ಟೆ, ಬೋಗುಣಿಗಳನ್ನು ಢಣಢಣ ಬಡಿಯುತ್ತಿದ್ದರು. ದೂರದ ಮೊರಾಕ್ಕೋದಿಂದ ಬಂದಿದ್ದ ಪ್ರವಾಸಿ ಇಬ್ನ್ ಬತೂತ ಗಾಬರಿಬಿದ್ದು ಕೇಳಿದ: ಏನಿದು? ಅವರು ಕಡಲಿನತ್ತ ಕೈ ತೋರಿಸಿದರು. ಕತ್ತಲ ನೀರಿನ ಮೇಲೆ ದೊಡ್ಡ ಹಡಗಿನಂಥದ್ದೇನೋ, ಅದರ ತುಂಬ ದೀಪಗಳು, ಪಂಜುಗಳು!

ಅದು ಭೂತ, ತಿಂಗಳಿಗೊಮ್ಮೆ ಬರುತ್ತದೆ, ಗದ್ದಲ ಎಬ್ಬಿಸಿದರೆ ಹಿಂದಿರುಗುತ್ತದೆ ಎಂದರು ಜನ. ಹಿಂದೆ ಅದಕ್ಕೆ ಕನ್ಯೆಯರ ಬಲಿ ಸಲ್ಲುತ್ತಿತ್ತಂತೆ. ಚೀಟಿ ಎತ್ತಿ, ಹೆಸರು ಬಂದ ಹುಡುಗಿಯನ್ನು ಸಿಂಗರಿಸಿ ಕಡಲಂಚಿನ ಗುಡಿಯಲ್ಲಿ ಬಿಟ್ಟು ಬರುವುದು, ಬೆಳಗ್ಗೆ ಹೆಣ ತರುವುದು. ಕೊನೆಗೆ ಪರದೇಶದ ಒಬ್ಬ ಸಾಧಕ ಹುಡುಗಿಯ ಬದಲು ತಾನೇ ಹೋಗಿ ಕೂತು, ರಾತ್ರಿಯಿಡೀ ಕುರಾನ್ ಓದಿ ಅದನ್ನು ಓಡಿಸಿದ. 1153ರಲ್ಲಿ ಅಲ್ಲಿನ ರಾಜ ಇಸ್ಲಾಮಿಗೆ ಸೇರಿದ್ದಕ್ಕೆ ಜನ ಹೇಳುವ ಕಾರಣ ಇದೇ. ರನ್ನಮಾರಿ ಎಂಬ ಆ ಭೂತದ ಕತೆ, ಫಂಡಿತ ಎಂಬ ಮಂತ್ರ-ತಾಯಿತದ ವಿದ್ಯೆ, ಎರಡೂ ಆ ದ್ವೀಪಗಳ ಉಸಿರಿನಲ್ಲೇ ಬೆರೆತಿವೆ.

ತಾಮ್ರ ಬಡಿಯುತ್ತಿದ್ದ ಆ ದ್ವೀಪದ ಒಡತಿ ಒಬ್ಬ ಹೆಣ್ಣು: ಸುಲ್ತಾನಾ ಖದೀಜಾ. ಅವಳು ಎದುರಿಸಬೇಕಾದವರು ಬೋಗುಣಿ ಬಡಿದರೆ ಓಡುವವರಾಗಿರಲಿಲ್ಲ.

ಅಪ್ಪ ಸುಲ್ತಾನ ಜಲಾಲುದ್ದೀನ್ ಸತ್ತಾಗ ಪಟ್ಟ ಹೋದದ್ದು ಎಳೆಯ ತಮ್ಮ ಶಿಹಾಬುದ್ದೀನನಿಗೆ. ಅಬ್ದುಲ್ಲಾ ಎಂಬ ವಜೀರ ಆ ಹುಡುಗನ ತಾಯಿಯನ್ನೇ ಮದುವೆಯಾಗಿ ರಾಜ್ಯದ ಲಗಾಮು ಹಿಡಿದ. ಬೆಳೆದ ಹುಡುಗ ಅವನನ್ನು ದೂರದ ದ್ವೀಪಕ್ಕೆ ಗಡೀಪಾರು ಮಾಡಿದ. ಅಷ್ಟರಲ್ಲಿ ಹುಡುಗನ ಮೇಲೇ ದೂರು ಎದ್ದಿತು. ರಾತ್ರಿ ಹೊತ್ತು ದೊಡ್ಡವರ ಮನೆಯ ಹೆಣ್ಣುಗಳ ಬಳಿ ಹೋಗುತ್ತಾನೆ ಎಂದರು. ಪಟ್ಟದಿಂದ ಇಳಿಸಿದರು, ಬೇರೆ ದ್ವೀಪಕ್ಕೆ ಸಾಗಿಸಿದರು, ಹಿಂದೆಯೇ ಒಬ್ಬನನ್ನು ಕಳಿಸಿ ಕೊಲ್ಲಿಸಿದರು. ರಾಜವಂಶದಲ್ಲಿ ಉಳಿದವರು ಮೂವರು ಅಕ್ಕತಂಗಿಯರು. ಹಿರಿಯಳು ಖದೀಜಾ. ತಮ್ಮನನ್ನು ಕೊಲ್ಲಿಸಿದ ಕೈಗಳೇ ಅವಳ ತಲೆಗೆ ಕಿರೀಟವಿಟ್ಟವು. ಆ ಕ್ಷಣ ಅವಳ ಎದೆ ಹೇಗೆ ಹೊಡೆದುಕೊಂಡಿರಬೇಕು!

ಗಂಡ ಜಮಾಲುದ್ದೀನ್ ವಜೀರನಾದ. ಅಪ್ಪಣೆಗಳು ಮಾತ್ರ ಹೊರಟದ್ದು ಅವಳ ಹೆಸರಿನಲ್ಲೇ. ತಾಳೆಗರಿಯ ಮೇಲೆ ಬಾಗಿದ ಕಬ್ಬಿಣದ ಕಂಟದಿಂದ ಕೊರೆಯುತ್ತಿದ್ದರು. ಕಾಗದ ಕುರಾನಿಗೆ, ಶಾಸ್ತ್ರಗ್ರಂಥಗಳಿಗೆ ಮಾತ್ರ ಮೀಸಲು. ಶುಕ್ರವಾರದ ಪ್ರಾರ್ಥನೆಯಲ್ಲಿ ಅವಳ ಹೆಸರು ಮೊಳಗುತ್ತಿತ್ತು. ಸಂಬಳಕ್ಕೆ ಅಕ್ಕಿ ಪಡೆಯುವ ಸುಮಾರು 1000 ಪರದೇಶಿ ಸೈನಿಕರು ದಿನವೂ ಬಂದು ತಲೆಬಾಗುತ್ತಿದ್ದರು. ಹಡಗು ಹೊಲಿಯುವ ತೆಂಗಿನ ನಾರಿನ ಹಗ್ಗ, ಬಂಗಾಳದಲ್ಲಿ ಹಣವಾಗಿ ಓಡುತ್ತಿದ್ದ ಕವಡೆ, ಇವೆರಡೂ ಹುಟ್ಟುತ್ತಿದ್ದ ನೆಲ ಅದು. ಅದರ ಮೇಲೆ ಕಣ್ಣಿಡದವರು ಯಾರು?

ಕಣ್ಣಿಟ್ಟವರಲ್ಲಿ ಇಬ್ನ್ ಬತೂತನೂ ಒಬ್ಬ. ಹೊನ್ನಾವರದ ಸುಲ್ತಾನನ ಜೊತೆ ಗೋವೆಯ ಮೇಲಿನ ಯುದ್ಧದಲ್ಲಿ ಕಾದಾಡಿ, ಕಲ್ಲಿಕೋಟೆಯಿಂದ ಹಡಗು ಹತ್ತಿ ಬಂದವನನ್ನು ದ್ವೀಪ ಖಾಜಿಯನ್ನಾಗಿ ಮಾಡಿಕೊಂಡಿತು. ಕಳ್ಳನೊಬ್ಬನ ಕೈ ಕಡಿಯಲು ಅವನು ಹೇಳಿದಾಗ ಸಭೆಯಲ್ಲಿದ್ದ ದ್ವೀಪದ ಜನ ಮೂರ್ಛೆ ಬಿದ್ದರು. ದೊಡ್ಡ ಮನೆತನಗಳ ನಾಲ್ವರನ್ನು ಮದುವೆಯಾದ, ಬಲ ಬೆಳೆಸಿಕೊಂಡ. ಅಷ್ಟರಲ್ಲಿ ಮರಳಿ ಬಂದು ಪ್ರಬಲನಾಗಿದ್ದ ಅಬ್ದುಲ್ಲಾನಿಗೂ ಅವನಿಗೂ ಕೆಟ್ಟಿತು. ಸಿಟ್ಟಿನಿಂದ ಹೊರಟವನು ತಮಿಳು ಕರಾವಳಿಗೆ ಹೋಗಿ, ಮಧುರೆಯ ಸುಲ್ತಾನ ಗಿಯಾಸುದ್ದೀನನ ಜೊತೆ ಕೂತು ಖದೀಜಾಳ ದ್ವೀಪಗಳ ಮೇಲೆಯೇ ದಂಡಯಾತ್ರೆಗೆ ಸಂಚು ಹೂಡಿದ! ರಾಣಿಗೆ ಉಡುಗೊರೆ, ಅವಳ ತಂಗಿಯೊಡನೆ ಸುಲ್ತಾನನ ಮದುವೆ, ಹಿಂದಿನಿಂದ ಸೈನ್ಯದ ಹಡಗುಗಳು. ಗಾಳಿ ತಿರುಗಲು ತಿಂಗಳುಗಟ್ಟಲೆ ಕಾಯಬೇಕಾಯಿತು. ಕಾಯುತ್ತಿದ್ದಾಗಲೇ ಮಧುರೆಗೆ ಸಾಂಕ್ರಾಮಿಕ ಬಡಿಯಿತು, ಸುಲ್ತಾನ ಸತ್ತ, ಸಂಚು ಮುರಿದುಬಿತ್ತು. ಕೂದಲೆಳೆಯಲ್ಲಿ ಪಾರು. ಇದನ್ನೆಲ್ಲ ಮುಚ್ಚುಮರೆಯಿಲ್ಲದೆ ಬರೆದವನು ರಾಣಿಯ ಬಾಯಿಂದ ಬಂದ ಒಂದು ಮಾತನ್ನೂ ನಮಗೆ ಉಳಿಸದೆ ಹೋದದ್ದು ನನಗೆ ನಿಜಕ್ಕೂ ಸಂಕಟದ ಸಂಗತಿ.

ಹೊರಗಿನ ಗಂಡಾಂತರ ತಪ್ಪಿತು. ಮನೆಯೊಳಗಿನದು ತಪ್ಪಲಿಲ್ಲ. 1363ರಲ್ಲಿ ಅವಳ ಗಂಡನೇ ಸಿಂಹಾಸನ ಕಿತ್ತುಕೊಂಡ. ಮರುವರ್ಷವೇ ಖದೀಜಾ ಮತ್ತೆ ಪಟ್ಟದಲ್ಲಿದ್ದಳು. ಮುಂದೆ ಹತ್ತು ವರ್ಷಗಳ ಹೊತ್ತಿಗೆ ಇನ್ನೊಬ್ಬ ಗಂಡ ಕಿತ್ತುಕೊಂಡ. ಅವನ ಹೆಸರು ಅಬ್ದುಲ್ಲಾ: ತಮ್ಮನ ತಾಯಿಯನ್ನು ಮದುವೆಯಾಗಿ, ಆಮೇಲೆ ಖದೀಜಾಳನ್ನೂ ಕೈಹಿಡಿದ ಅದೇ ಹಳೆಯ ವಜೀರನೇ ಇರಬೇಕು. 1376ರಲ್ಲಿ ಮೂರನೆಯ ಸಲ ಖದೀಜಾ ಪಟ್ಟ ಏರಿದಳು. ಸಿಂಹಾಸನ ಕಸಿದ ಇಬ್ಬರು ಗಂಡಂದಿರನ್ನೂ ಅವಳೇ ಕೊಲ್ಲಿಸಿದಳೆಂದು ಮಾಲ್ಡೀವ್ಸ್‌ನ ಪರಂಪರೆ ಹೇಳುತ್ತದೆ. ಅವಳನ್ನು ಕ್ರೂರಿ ಎನ್ನುವವರಿದ್ದಾರೆ. ತಮ್ಮನ ಗತಿ ಕಂಡವಳು ಇನ್ನೇನು ಮಾಡಬೇಕಿತ್ತು ಎಂದು ನಾನು ಕೇಳುತ್ತೇನೆ. ಪಟ್ಟದಿಂದ ಇಳಿದವರು ಬದುಕಿ ಉಳಿಯುತ್ತಿದ್ದ ಅರಮನೆಯಲ್ಲ ಅದು.

ಮೂರು ದಶಕ ಮೀರಿದ ಆಳ್ವಿಕೆ 1380ರ ಸುಮಾರಿಗೆ ಮುಗಿಯಿತು. ಖದೀಜಾಳ ನಂತರ ಪಟ್ಟಕ್ಕೆ ಬಂದವಳು ಅವಳ ತಂಗಿ, ಮುಂದೆ ಆ ತಂಗಿಯ ಮಗಳೂ ಪಟ್ಟ ಏರಿದಳು.