ವೈನಿನ ಮಣ್ಣು

ವೈನಿನ ಮಾತೆತ್ತಿದರೆ ಸಾಕು, ತಿರುವನಂತಪುರದ ನಮ್ಮ ಭಾವ ಫ್ರಾನ್ಸಿನ ಬೋರ್ಡೊಗೇ ಹೋಗಿ ಕೂರುತ್ತಾರೆ. ಅಲ್ಲಿ ಎಡದಂಡೆಯ ಮೆಡೋಕ್‌ನದು ಗರಸು ನೆಲ. ನೀರು ನಿಲ್ಲುವುದಿಲ್ಲ, ಹಗಲಿನ ಕಾವು ಕಲ್ಲಿನಲ್ಲಿ ಉಳಿಯುತ್ತದೆ. ತಡವಾಗಿ ಮಾಗುವ ಕಾಬರ್ನೆ ಸೊವಿನ್ಯೋನ್ ದ್ರಾಕ್ಷಿಗೆ ಬೇಕಾದದ್ದೇ ಅದು. ಬಲದಂಡೆಯ ಪೊಮರೋಲ್‌ನಲ್ಲಿ ತಣ್ಣನೆಯ ಜೇಡಿ. ಬೇಗ ಹಣ್ಣಾಗುವ ಮೆರ್ಲೋಗೆ ಒಗ್ಗುತ್ತದೆ. ಮೊದಲಿನದರ ವೈನು ಒಗರು, ಎರಡನೆಯದರದು ಮೆದು. “ಮಣ್ಣು ಬಾಯಿಗೇ ಬರುತ್ತೆ ಕಣಯ್ಯಾ” ಎನ್ನುತ್ತಾರೆ ಭಾವ. ಬಾಯಿಗೆ ಮಣ್ಣು ಬೀಳುವುದು ನಮ್ಮ ಕಡೆ ಶಾಪ. ಬೋರ್ಡೊದಲ್ಲಿ ಅದಕ್ಕೆ ದುಡ್ಡು ಕೊಡಬೇಕು.

ಕೊಚ್ಚಿಯ ಕ್ರಿಶ್ಚಿಯನ್ ಮನೆಗಳಲ್ಲಿ ಕ್ರಿಸ್‌ಮಸ್‌ಗೆಂದು ಭರಣಿಯಲ್ಲಿ ಹಾಕಿಡುವ ವೈನಿಗೆ ಈ ಗೊಡವೆಯಿಲ್ಲ. ಸಕ್ಕರೆ, ಲವಂಗ, ಚಕ್ಕೆಯ ಮುಂದೆ ಯಾವ ಮಣ್ಣು ಬಾಯಿಬಿಟ್ಟೀತು!

“ಮಣ್ಣೊಂದೇ ಅಲ್ಲ ಭಾವ, ಕತ್ತರಿಯೂ ಇದೆ” ಎಂದು ನಾನು ದೊಡ್ಡಬಳ್ಳಾಪುರವನ್ನು ಎಳೆದು ತರುತ್ತೇನೆ. ನಂದಿಬೆಟ್ಟದ ತಪ್ಪಲಿನ ಗ್ರೋವರ್ ತೋಟಕ್ಕೆ 1990ರ ದಶಕದಲ್ಲಿ ಸಲಹೆಗಾರರಾಗಿ ಬಂದ ಮಿಶೆಲ್ ರೋಲಾಂ ಅದೇ ಪೊಮರೋಲ್ ಸೀಮೆಯವರು. ಅವರ ಊರಿನ ಬಳ್ಳಿ ಚಳಿಗಾಲದಲ್ಲಿ ಎಲೆ ಉದುರಿಸಿ ಮಲಗುತ್ತದೆ. ನಮ್ಮದಕ್ಕೆ ನಿದ್ದೆಯೇ ಇಲ್ಲ. ಬಿಟ್ಟರೆ ವರ್ಷವಿಡೀ ಚಿಗುರುತ್ತಲೇ ಇರುತ್ತದೆ. ಹಾಗಾಗಿ ಎರಡು ಸಲ ಸವರಬೇಕು. ವಿಜಯಪುರದ ದ್ರಾಕ್ಷಿ ರೈತರ ಮಾತಲ್ಲಿ ಏಪ್ರಿಲ್ ಚಾಟನಿ, ಅಕ್ಟೋಬರ್ ಚಾಟನಿ. ಮೊದಲನೆಯದು ಕಡ್ಡಿ ಬಲಿಯುವುದಕ್ಕೆ, ಎರಡನೆಯದು ಹಣ್ಣಿಗೆ. ಬೋರ್ಡೊದವರು ಗೊಂಚಲು ಕೊಯ್ದು ಮುಗಿಸುವ ಹೊತ್ತಿಗೆ ನಮ್ಮವರು ಕತ್ತರಿ ಹಿಡಿದಿರುತ್ತಾರೆ. ಹಣ್ಣು ಬೇಸಿಗೆಯ ಬಾಗಿಲಿಗೆ. ದೇವರು ಕೊಡದ ಚಳಿಗಾಲವನ್ನು ಆಳು ಕೊಡಬೇಕು. ಈ ಕೂಲಿಯ ಲೆಕ್ಕ ಯಾವ ಸೀಸೆಯ ಚೀಟಿಯಲ್ಲೂ ಇರುವುದಿಲ್ಲ.

ಭಾವನ ಪರವಾಗಿ ಒಂದು ಸಾಕ್ಷಿ ಮಾತ್ರ ಗಟ್ಟಿ. ಕೊಚ್ಚಿಯ ಉತ್ತರಕ್ಕಿರುವ ಪಟ್ಟಣಂನಲ್ಲಿ 2007ರಿಂದ ಕೇರಳ ಇತಿಹಾಸ ಸಂಶೋಧನಾ ಮಂಡಳಿ (ಅದರ ಕಚೇರಿ ಭಾವನ ಊರಲ್ಲೇ) ಉತ್ಖನನ ನಡೆಸಿದಾಗ ರೋಮನ್ ಆಂಫೊರಾಗಳ, ಅಂದರೆ ವೈನು, ಎಣ್ಣೆ ತುಂಬುತ್ತಿದ್ದ ಹಿಡಿಯುಳ್ಳ ಮಡಕೆಗಳ, ಚೂರುಗಳು ಸಿಕ್ಕವು. ಕೆಲವುಗಳ ಮಣ್ಣಿನಲ್ಲಿ ಜ್ವಾಲಾಮುಖಿಯ ಕರಿಮರಳು. ಅದನ್ನು ನೋಡಿಯೇ ನೇಪಲ್ಸ್ ಕೊಲ್ಲಿಯ ಸೀಮೆಯವೆಂದು ಗುರುತು ಹಿಡಿದರು. ವೈನು ಆರಿ ಎರಡು ಸಾವಿರ ವರ್ಷವಾದರೂ ಊರಿನ ಹೆಸರು ಹೇಳಿದ್ದು ಮಡಕೆ.

ಒಂದನೆಯ ಶತಮಾನದ ಗ್ರೀಕ್ ಕೈಪಿಡಿ ‘ಪೆರಿಪ್ಲಸ್’ ಮುಜಿರಿಸ್ ಬಂದರಿನ (ಈ ಪಟ್ಟಣಂ ಅದೇ ಎಂದು ಹಲವರ ಊಹೆ) ಆಮದು ಪಟ್ಟಿಯಲ್ಲಿ ವೈನನ್ನೂ ಸೇರಿಸಿದೆ, ಹೆಚ್ಚೇನಿಲ್ಲ ಎಂಬ ಷರಾದೊಂದಿಗೆ. ಹಡಗುಗಟ್ಟಲೆ ಮೆಣಸಿಗೆ ಬದಲು ಇಷ್ಟೇ! ಬಂದದ್ದನ್ನು ಇಲ್ಲಿ ನೆಲೆಸಿದ್ದ ಯವನ ವ್ಯಾಪಾರಿಗಳೇ ಕುಡಿದು ಮುಗಿಸಿರಬೇಕು ಎಂದು ನನ್ನ ಗುಮಾನಿ. ಮೆಣಸಿನ ಮೂಟೆ ಹೊತ್ತವರಿಗೆ ಕಳ್ಳು ಇತ್ತಲ್ಲ.