ಮೂರು ಬಕೀಟು ನೀರು, ಒಂದು ಜೀಪು

ನಮ್ಮ ಕಡೆ ಧೂಳಿಗೆ ಮೂರು ಬಣ್ಣ. ಸೇಡಂ, ಚಿತ್ತಾಪುರದ ತೊಗರಿ ಹೊಲಗಳ ದಾರಿಯಲ್ಲಿ ಎರೆಮಣ್ಣಿನ ಕಪ್ಪು ಧೂಳು. ಚಿಂಚೋಳಿ ಕಾಡಿನ ಕಡೆ ಹೋದರೆ ಕೆಂಪು ಧೂಳು. ವಾಡಿ, ಶಹಾಬಾದಿನಲ್ಲಿ ಸುಣ್ಣದ ಕಲ್ಲಿನ ಗಣಿ, ಸಿಮೆಂಟಿನ ಲಾರಿ. ಅಲ್ಲಿ ಬಿಳಿ ಧೂಳು. ಈ ಐದೂ ಊರುಗಳಲ್ಲಿ ನಮಗೆ ನೆಂಟರು, ಬೀಗರು ಇದ್ದಾರೆ. ಒಂದು ವಾರ ತಿರುಗಾಡಿ ಬಂದರೆ ಜೀಪಿನ ಮೇಲೆ ಮೂರೂ ಬಣ್ಣ ಕೂತಿರುತ್ತವೆ.

ನಾನು ರೈಲ್ವೆಯಿಂದ ನಿವೃತ್ತನಾದವನು, ಮನೆ ವಾಡಿಯಲ್ಲಿ. ನಮ್ಮ ಜೀಪಿಗೆ ತಗಡಿನ ಮಾಳಿಗೆ ಇಲ್ಲ, ಮಡಚಿ ಹಿಂದಕ್ಕೆ ಸರಿಸುವ ಕ್ಯಾನ್ವಾಸ್ ಹುಡ್ ಇದೆ. ಸಿನಿಮಾಗಳಲ್ಲಿ ಮೇಲ್ಛಾವಣಿ ತೆಗೆದು ಓಡಿಸುವ ಕಾರು ನೋಡಿರುತ್ತೀರಿ; ಅದಕ್ಕೆ ಕನ್ವರ್ಟಿಬಲ್ ಎನ್ನುತ್ತಾರೆ. ನಮ್ಮದು ಅದೇ ವಂಶದ ಹಳ್ಳಿಯ ಅಣ್ಣ. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯಕ್ಕಾಗಿ ಹುಟ್ಟಿದ ಜೀಪು, 1940ರ ದಶಕದ ಕೊನೆಗೆ ಮಹೀಂದ್ರ ಕಂಪನಿಯ ಮೂಲಕ ನಮ್ಮ ದೇಶದಲ್ಲೂ ತಯಾರಾಗತೊಡಗಿತು.

ಇದು ನಮಗೆ ಶೋಕಿಯ ಗಾಡಿಯಲ್ಲ. ರಾತ್ರಿ ಹೊತ್ತು ಓಣಿಯಲ್ಲಿ ಯಾರಿಗಾದರೂ ಹೆರಿಗೆ ನೋವು ಬಂದರೆ, ಹಾವು ಕಚ್ಚಿದರೆ, ಮೊದಲು ಬಾಗಿಲು ಬಡಿಯುವುದು ನಮ್ಮ ಮನೆಯದೇ. ಹಾಗಾಗಿ ಹುಡ್ ಸೋರಬಾರದು, ಅದರ ಹಿಂದಿನ ಪ್ಲಾಸ್ಟಿಕ್ ಕಿಟಕಿ ಮಬ್ಬಾಗಬಾರದು. ಒಮ್ಮೆ ಒಂದು ವಾಷಿಂಗ್ ಸೆಂಟರಿನಲ್ಲಿ ಜೋರು ನೀರಿನ ಗನ್ ಹಿಡಿದು ಹುಡ್ಡಿನ ಹೊಲಿಗೆಯನ್ನೇ ಬಿಚ್ಚಿಬಿಟ್ಟರು. ಕಿಟಕಿಯನ್ನು ಒಣ ಬಟ್ಟೆಯಿಂದ ತಿಕ್ಕಿ ಗೀರು ಗೀರು ಮಾಡಿದರು. ಅಂದಿನಿಂದ ಜೀಪಿನ ಸ್ನಾನ ಮನೆಯ ಅಂಗಳದಲ್ಲೇ.

ಕಳೆದ ಬೇಸಿಗೆಯಲ್ಲಿ ಬೆಂಗಳೂರಿನಿಂದ ಮೊಮ್ಮಗಳು ಬಂದಿದ್ದಳು. ಏಳನೇ ತರಗತಿ ಮುಗಿಸಿದ ಹುಡುಗಿ.

"ಮುತ್ಯಾ, ಪೈಪ್ ಹಚ್ಚಿ ತೊಳದ್ರ ಲಗೂ ಆಗ್ತದಲ್ಲ?" ಅಂದಳು.

"ಮೊದ್ಲ ಲೆಕ್ಕಾ ಹಾಕು" ಅಂದೆ.

ಗಡಿಯಾರ ಹಿಡಿದು ನಿಂತಳು. ಹದಿನೈದು ಲೀಟರಿನ ಬಕೀಟು ಪೈಪಿನಿಂದ ತುಂಬಲು ಒಂದು ನಿಮಿಷ ಹಿಡಿಯಿತು. ಇಪ್ಪತ್ತು ನಿಮಿಷ ತೊಳೆದರೆ 300 ಲೀಟರು! ಅಡುಗೆಮನೆಯಿಂದ ನನ್ನ ಹೆಂಡತಿ ಕೂಗಿ ಹೇಳಿದಳು: "ಬೋರಿನಾಗ ನೀರು ಇಳದದ. ಮೂರು ಬಕೀಟು ಕೊಡ್ತೀನಿ ನೋಡ್ರಿ, ನಾಕನೇದು ಕೇಳಬ್ಯಾಡ್ರಿ." ಮೂರು ಬಕೀಟು ಎಂದರೆ 45 ಲೀಟರು.

ಮೊಮ್ಮಗಳಿಗೆ ತನ್ನ ಊರಿನ ಸಂಗತಿ ನೆನಪಾಯಿತು. 2024ರ ಮಾರ್ಚ್‌ನಲ್ಲಿ ನೀರಿನ ಬರ ಬಂದಾಗ ಬೆಂಗಳೂರು ಜಲಮಂಡಳಿಯು ಕುಡಿಯುವ ನೀರಿನಲ್ಲಿ ವಾಹನ ತೊಳೆದರೆ 5,000 ರೂಪಾಯಿ ದಂಡ ಎಂದು ಹೇಳಿತ್ತು. "ಇಲ್ಲಿ ಆಯೀನೇ ಜಲಮಂಡಳಿ" ಎಂದು ನಕ್ಕಳು.

ಬೆಳಗಿನ ನೆರಳಿನಲ್ಲಿ, ತಗಡು ಕಾಯುವ ಮೊದಲೇ ಕೆಲಸ ಶುರು. ಬಿಸಿ ತಗಡಿನ ಮೇಲೆ ಸೋಪಿನ ನೀರು ಒಣಗಿ ಕಲೆ ಉಳಿಯುತ್ತದೆ. ಹ್ಯಾಂಡ್‌ಬ್ರೇಕ್ ಎಳೆದು, ಗಾಲಿಗೆ ಕಲ್ಲು ಕೊಟ್ಟು, ಹುಡ್ ಏರಿಸಿ ಬಿಗಿದೆವು. ಒದ್ದೆ ಫರಸಿ ಕಲ್ಲು ಜಾರುತ್ತದೆ, ಆದ್ದರಿಂದ ಓಡಾಟ ನಿಧಾನ.

ಮೊದಲ ಬಕೀಟಿನಲ್ಲಿ ಬರೀ ನೀರು. ಪ್ಲಾಸ್ಟಿಕ್ ಬಾಟಲಿಯ ಮುಚ್ಚಳಕ್ಕೆ ನಾನು ತೂತು ಹಾಕಿಕೊಟ್ಟಿದ್ದೆ. ಅದೇ ನಮ್ಮ ಪೈಪು. ಹುಡ್ಡಿನಿಂದ ಶುರುಮಾಡಿ ಮೇಲಿನಿಂದ ಕೆಳಗೆ ಧೂಳನ್ನು ಹರಿಸಿಬಿಡಬೇಕು. ಸುಣ್ಣದ ಕಲ್ಲಿನ ಪುಡಿ ಮರಳಿನ ಕಾಗದ ಇದ್ದಂತೆ. ಒಣಗಿದ್ದಾಗ ಒರೆಸಿದರೆ ಬಣ್ಣಕ್ಕೆ ಗೀರು ಬೀಳುತ್ತದೆ. ಸಿಮೆಂಟಿನ ಧೂಳಿದ್ದರೆ ಅರೆಬರೆ ಒದ್ದೆ ಮಾಡಿ ಬಿಡಲೂಬಾರದು. ನೀರು ಕುಡಿದ ಸಿಮೆಂಟು ಗಟ್ಟಿಯಾಗುತ್ತದೆ, ಆಮೇಲೆ ಕರಗುವುದಿಲ್ಲ. ಅದು ಕೈಯ ಚರ್ಮವನ್ನೂ ಸುಡುತ್ತದೆ. ಹಾಗಾಗಿ ಇಬ್ಬರೂ ರಬ್ಬರಿನ ಕೈಗವಸು ಹಾಕಿಕೊಂಡೆವು. ಆ ಕೈಯಿಂದ ಕಣ್ಣು ಉಜ್ಜಬಾರದೆಂದು ಎರಡು ಸಲ ಹೇಳಿದೆ.

ಎರಡನೆಯ ಬಕೀಟಿನಲ್ಲಿ ಕಾರಿನ ಶಾಂಪೂ, ಒಂದು ಮುಚ್ಚಳದಷ್ಟು. ಬಟ್ಟೆ ಸೋಪಿನ ಪುಡಿ ಬೇಡ. ಅದು ಕ್ಯಾನ್ವಾಸಿನ ನೀರು ತಡೆಯುವ ಗುಣವನ್ನು ಕಳೆಯುತ್ತದೆ. ಹುಡ್ಡಿಗೆ ಮೆತ್ತನೆಯ ಬ್ರಷ್, ತಗಡಿಗೆ ಹಳೆಯ ಬನಿಯನ್ ಬಟ್ಟೆ, ಪ್ಲಾಸ್ಟಿಕ್ ಕಿಟಕಿಗೆ ಬೇರೆಯೇ ತುಂಡು. ಪ್ರತಿ ಸಲ ಬಟ್ಟೆಯನ್ನು ಪಕ್ಕದ ಚರಗಿಯ ನೀರಿನಲ್ಲಿ ಜಾಲಿಸಿಯೇ ಮತ್ತೆ ಸೋಪಿಗೆ ಅದ್ದಬೇಕು. ಇಲ್ಲದಿದ್ದರೆ ತೆಗೆದ ಮರಳನ್ನೇ ಮತ್ತೆ ತಿಕ್ಕಿದಂತೆ. ಗಾಲಿಗಳು ಕಟ್ಟಕಡೆಗೆ. ನನ್ನ ಮೊಣಕಾಲು ಈಗ ಬಾಗುವುದಿಲ್ಲ. ಗಾಲಿಯ ಕೆಲಸ ಅವಳದೇ.

ಬಾನೆಟ್ಟಿನ ಮೇಲೆ ಸಿಮೆಂಟಿನ ನಾಲ್ಕು ಚುಕ್ಕೆ ಗಟ್ಟಿಯಾಗಿ ಕೂತಿದ್ದವು. ಸಮಪಾಲು ವಿನೆಗರ್ ಮತ್ತು ನೀರಿನಲ್ಲಿ ಬಟ್ಟೆ ನೆನೆಸಿ ಐದು ನಿಮಿಷ ಅವುಗಳ ಮೇಲಿಟ್ಟೆ. ಹುಳಿ ಸಿಮೆಂಟನ್ನು ಸಡಿಲಿಸುತ್ತದೆ. ಆದರೆ ಕೆಳಗೆ ಪರಾತ ಇಡಲು ಮರೆಯಬಾರದು. ನಮ್ಮ ಅಂಗಳದ ಶಹಾಬಾದ್ ಫರಸಿಯೂ ಸುಣ್ಣದ ಕಲ್ಲೇ. ಒಂದು ಒಡೆದ ಚೂರಿನ ಮೇಲೆ ಎರಡು ಹನಿ ವಿನೆಗರ್ ಬಿಟ್ಟು ತೋರಿಸಿದೆ. ಸಣ್ಣಗೆ ನೊರೆ ಬಂತು. "ಇದು ನಮ್ಮ ವಿಜ್ಞಾನದ ಪುಸ್ತಕದಾಗ ಅದ!" ಎಂದು ಕುಣಿದಳು. ಚುಕ್ಕೆ ಹೋದ ಜಾಗವನ್ನು ಕೂಡಲೇ ಸೋಪಿನ ನೀರಿನಿಂದ ತೊಳೆದೆವು, ಹುಳಿ ಉಳಿದರೆ ಬಣ್ಣಕ್ಕೂ ತಗಡಿಗೂ ಕೇಡು. ಮಕ್ಕಳೇ, ವಿನೆಗರಿನ ಕೆಲಸ ದೊಡ್ಡವರಿಗೇ ಬಿಡಿ.

ಮೂರನೆಯ ಬಕೀಟು ಕೊನೆಯ ಜಾಲಿಸುವಿಕೆಗೆ. ನಮ್ಮ ಬೋರಿನ ನೀರು ಗಡಸು, ತಾನಾಗಿ ಒಣಗಿದರೆ ಬಿಳಿ ಕಲೆ ಬಿಡುತ್ತದೆ. ಅದಕ್ಕೇ ಹಳೆಯ ಧೋತರದಿಂದ ಒತ್ತಿ ಒತ್ತಿ ನೀರು ತೆಗೆದೆವು. ಹುಡ್ಡನ್ನು ಮಾತ್ರ ಸಂಜೆಯವರೆಗೆ ಏರಿಸಿಯೇ ಇಟ್ಟೆವು. ಹಸಿಯಾಗಿ ಮಡಚಿದರೆ ಮಡಿಕೆಯಲ್ಲಿ ಬೂಷ್ಟು ಹಿಡಿದು ಕ್ಯಾನ್ವಾಸ್ ಕೊಳೆಯುತ್ತದೆ.

ಅದೇ ವಾರ, ರಾತ್ರಿ ಎರಡು ಗಂಟೆಗೆ ಬಾಗಿಲು ಬಡಿದರು. ಹಿಂದಿನ ಓಣಿಯ ಸೊಸೆಗೆ ನೋವು ಶುರುವಾಗಿತ್ತು. ಜೀಪನ್ನು ಕಿರಿದಾದ ಓಣಿಯಿಂದ ಹಿಂದಕ್ಕೇ ತರಬೇಕು. ಆ ಕಿಟಕಿಯಲ್ಲಿ ಟಾರ್ಚ್ ಹಿಡಿದು ದಾರಿ ತೋರಿಸುತ್ತಿದ್ದವರ ಕೈ ಸ್ಪಷ್ಟವಾಗಿ ಕಾಣಿಸಿತು. ಬೆಳಗಾಗುವುದರೊಳಗೆ ಹೆಣ್ಣು ಮಗು ಹುಟ್ಟಿದ ಸುದ್ದಿ ಬಂತು.

ಮೇ ಕೊನೆಗೆ ಮೊಮ್ಮಗಳು ಊರಿಗೆ ಹೊರಟಳು. ಹೋಗುವ ಮೊದಲು ಪಕ್ಕದ ಮನೆಯ ಹುಡುಗನಿಗೆ ಎಲ್ಲವನ್ನೂ ಕಲಿಸಿದ್ದಾಳೆ. ಈಗ ಭಾನುವಾರ ಬೆಳಗ್ಗೆ ಅವನೇ ಬಾಟಲಿ ಹಿಡಿದು ಬರುತ್ತಾನೆ. "ಮುತ್ಯಾ, ಪರಾತ ಎಲ್ಲಿ ಇಟ್ಟೀರಿ?" ಎನ್ನುವುದು ಅವನ ಮೊದಲ ಮಾತು.